ಬಾಲಿಕೆಯರ ಗೆಳೆತನವೂ ಸ್ವಭಾವಸಾಮ್ಯವೂ

ಸಮಾನಸ್ವಭಾವವುಳ್ಳವರಲ್ಲಿಯೇ ಗೆಳೆತನವು ಹುಟ್ಟುವದೆಂಬ ನಂಬಿಕೆಯು ಬಹು ಪುರಾತನವಾದದ್ದು. ಸಮಾನವಾದ ಶೀಲವೂ ಸಮಾನವಾದ ಕಷ್ಟವೂ ಉಳ್ಳವರಲ್ಲಿ ಸಖ್ಯವು ಬೆಳೆಯುವದೆಂದು ನಮ್ಮ ಹಿರಿಯರು ಹೇಳಿದರು. ಗ್ರೀಕ್ ತತ್ವಜ್ಞಾನಿಯಾದ ಅರಿಸ್ಟಾಟಲನು ಸಹ ಸ್ನೇಹವನ್ನು ಕುರಿತು ವಿಚಾರಿಸುವಾಗ, ಸಮಾನರು ಸಮಾನರನ್ನು ಹುಡುಕುವರೋ, ವಿರುದ್ಧಸ್ವಭಾವದವರು ಒಬ್ಬರನ್ನೊಬ್ಬರು ಸೆಳೆಯುವರೋ ಎಂಬ ಪ್ರಶ್ನೆಯನ್ನು ಆರಂಭದಲ್ಲಿಯೇ ಎತ್ತಿದನು. ಈ ನಂಬಿಕೆಯಲ್ಲಿ ಸತ್ಯವುಂಟು. ಆದರೆ ತಾಯ್ತಂದೆಗಳ ಬಾಯಲ್ಲಿ ಅದು ಅನೇಕ ವೇಳೆ ಬೇರೊಂದು ಅರ್ಥವನ್ನು ತಾಳುವದು. "ಆ ಹುಡುಗಿ ನಮ್ಮವಳಂಥವಳಲ್ಲ, ಇವಳನ್ನು ಬೇರೆ ಬೆಂಚಿಗೆ ಕೂಡ್ರಿಸಿರಿ" ಎಂದು ಕೇಳುವವರು ನೋಡುವದು ಸ್ವಭಾವವನ್ನೋ, ಮನೆತನವನ್ನೋ? ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಓದುವ ಈ ಸಂಚಿಕೆಯಲ್ಲಿ ಈ ಮಾತನ್ನು ಸಂಕೋಚವಿಲ್ಲದೆ ಎತ್ತಬೇಕೆಂದು ನಮಗೆ ತೋರುತ್ತದೆ.

ಸ್ವಭಾವಸಾಮ್ಯದ ಬಲವನ್ನು ನಾವು ಅಲ್ಲಗಳೆಯುವದಿಲ್ಲ. ವಿರಾಮದ ಗಂಟೆಯಾದ ಮೇಲೆ ಶಾಲೆಯ ಅಂಗಳವನ್ನು ನೋಡಿದವರೆಲ್ಲರೂ ಇದನ್ನು ಬಲ್ಲರು. ಓಟಕ್ಕೆ ನಿಂತವರು ಒಂದು ಕಡೆ, ಕಲ್ಲಾಟಕ್ಕೆ ಕುಳಿತವರು ಇನ್ನೊಂದು ಕಡೆ, ಒಂದೇ ಕಥೆಯ ಪುಸ್ತಕದ ಮೇಲೆ ಬಾಗಿದ ಎರಡು ತಲೆಗಳು ಗೋಡೆಯ ಬದಿಯಲ್ಲಿ. ಮಿತಭಾಷಿಣಿಯಾದ ಬಾಲಿಕೆಗೆ ತನ್ನಂಥವಳ ಸಂಗವು ವಿಶ್ರಾಂತಿಯಂತಿರುವದು. ಯಾಕೆ ಮಾತನಾಡಲೊಲ್ಲೆಯೆಂದು ಅಲ್ಲಿ ಯಾರೂ ಅವಳನ್ನು ಕೇಳುವದಿಲ್ಲ. ಆದರೆ ಸಾಮ್ಯವೊಂದೇ ಸಾಲದು. ಎಲ್ಲದರಲ್ಲಿಯೂ ತಾನೇ ಮುಂದಾಗಬೇಕೆನ್ನುವ ಇಬ್ಬರು ಹುಡುಗಿಯರು ಗುಣದಲ್ಲಿ ಅವಳಿಗಳಂತಿದ್ದರೂ ಕ್ರಿಸ್ಮಸ್ ನಾಟಕದ ತಾಲೀಮು ಮುಗಿಯುವದರೊಳಗೆ ಜಗಳವಾಡಿಯೇ ತೀರುವರು. ಗಬ್ರಿಯೇಲನ ಪಾತ್ರವು ಒಂದೇ ಇರುವದು, ಏನು ಮಾಡೋಣ! ಅವರಿಬ್ಬರಿಗೂ ಬೇಕಾದವಳು ನಕ್ಕು ಬಿಟ್ಟುಕೊಡುವ ಮೂರನೆಯವಳು.

ಇನ್ನೂ ಮುಖ್ಯವಾದ ಸಂಗತಿಯೊಂದುಂಟು. ಗೆಳತಿಯರು ಒಬ್ಬರಂತೊಬ್ಬರು ಇರುವದನ್ನು ಕಂಡು, ಸಾಮ್ಯವೇ ಅವರನ್ನು ಕೂಡಿಸಿತೆಂದು ನಾವು ತಿಳಿಯುತ್ತೇವೆ. ಕೂಡಿದ ಮೇಲೆ ಸಾಮ್ಯವು ಬಂದಿರಬಹುದೆಂಬದನ್ನು ಮರೆಯುತ್ತೇವೆ. ಅಮೆರಿಕದ ಸಮಾಜಶಾಸ್ತ್ರಜ್ಞೆಯಾದ ಡೆನಿಸ್ ಕ್ಯಾಂಡೆಲ್ ಎಂಬವರು ನ್ಯೂಯಾರ್ಕ್ ಸಂಸ್ಥಾನದ ಹೈಸ್ಕೂಲು ವಿದ್ಯಾರ್ಥಿಗಳ ನಡತೆಯನ್ನೂ ಮುಂದಿನ ಓದಿನ ಆಶೆಯನ್ನೂ ಪರೀಕ್ಷಿಸಿ, ಎರಡೂ ನಿಜವೆಂದು 1978ರಲ್ಲಿ ತೋರಿಸಿದರು. ಅದೇ ದೇಶದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು ಮೂರು ನಾಲ್ಕು ವರ್ಷದ ಮಕ್ಕಳ ಎರಡು ತರಗತಿಗಳನ್ನು ಒಂದು ಶಾಲಾವರ್ಷವೆಲ್ಲ ನೋಡಿ 2017ರಲ್ಲಿ ಪ್ರಕಟಿಸಿದ ಸಂಗತಿಯು ಇನ್ನೂ ಸ್ವಾರಸ್ಯವಾದದ್ದು. ಉಲ್ಲಾಸವುಳ್ಳ, ಮನಸ್ಸಿಟ್ಟು ದುಡಿಯುವ ಮಕ್ಕಳ ಸಂಗಡ ಆಡಿದವರು ಕ್ರಮೇಣ ಹಾಗೆಯೇ ಆದರು; ಅಂಜುವ, ಬೇಗ ಸಿಟ್ಟಾಗುವ ಮಕ್ಕಳ ಗುಣವಾದರೋ ಜೊತೆಯವರಿಗೆ ಅಷ್ಟಾಗಿ ಅಂಟಲಿಲ್ಲ. ಎರಡು ತರಗತಿಗಳ ಮಾತನ್ನು ಲೋಕದ ಮಕ್ಕಳಿಗೆಲ್ಲ ಅನ್ವಯಿಸುವದು ದುಡುಕಾದೀತು. ಆದರೂ ಸಹವಾಸದಿಂದ ಸನ್ಯಾಸಿ ಕೆಟ್ಟನೆಂಬ ಗಾದೆಯನ್ನೇ ಹಿಡಿದು ಹೆದರುವವರು ಇದನ್ನೂ ಕೇಳಿರಬೇಕು.

ಸತ್ಯವೇದವನ್ನು ಓದಿದವರಿಗೆ ದಾವೀದ ಯೋನಾತಾನರ ಸ್ನೇಹವು ಪರಿಚಿತವೇ. ಒಬ್ಬನು ಬೇತ್ಲೆಹೇಮಿನಲ್ಲಿ ಕುರಿ ಕಾಯುತ್ತಿದ್ದವನು, ಮತ್ತೊಬ್ಬನು ಅರಸನ ಮಗನು. ಆದರೆ ಒಬ್ಬನೇ ಆಯುಧವಾಹಕನನ್ನು ಕರಕೊಂಡು ಬಂಡೆಯನ್ನು ಹತ್ತಿ ಫಿಲಿಷ್ಟಿಯರ ಠಾಣೆಯ ಮೇಲೆ ಬಿದ್ದ ಯೋನಾತಾನನಿಗೂ, ಕವಣೆಯನ್ನು ಹಿಡಿದು ಗೊಲ್ಯಾತನ ಎದುರಿಗೆ ನಿಂತ ದಾವೀದನಿಗೂ ಇದ್ದ ಧೈರ್ಯವು ಒಂದೇ. ಯೋನಾತಾನನು ಅದನ್ನು ಕೂಡಲೇ ಗುರುತಿಸಿ ತನ್ನ ನಿಲುವಂಗಿಯನ್ನೂ ಕತ್ತಿ ಬಿಲ್ಲುಗಳನ್ನೂ ಅವನಿಗೆ ಕೊಟ್ಟುಬಿಟ್ಟನು. ಇದನ್ನು ಸಹಿಸಲಾರದೆ ಸಿಟ್ಟಿಗೆದ್ದವನು ತಂದೆಯಾದ ಸೌಲನು. ಇಷಯನ ಮಗನ ಸ್ನೇಹದಿಂದ ರಾಜ್ಯವು ತನ್ನ ಮಗನ ಕೈತಪ್ಪುವದೆಂಬದು ಅವನ ಲೆಕ್ಕ. ನಮ್ಮ ಪೋಷಕರಲ್ಲಿ ಸೌಲರಿದ್ದಾರೆಂದು ನಾವು ಹೇಳುವದಿಲ್ಲ. ಲೆಕ್ಕವು ಮಾತ್ರ ಪರಿಚಿತವಾದದ್ದು.

ಇಬ್ಬರು ಮಕ್ಕಳ ಸ್ವಭಾವವು ಹೊಂದುವದೋ ಇಲ್ಲವೋ ಎಂದು ತಿಳಿಯಬೇಕಾದರೆ ಅವರು ಮೊದಲು ಒಂದೇ ಬೆಂಚಿನ ಮೇಲೆ ಕೂಡ್ರಬೇಕು. 1856ರಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಬಯಸಿದ ಮಹಾರ ಜಾತಿಯ ಹುಡುಗನೊಬ್ಬನಿಗೆ ಪ್ರವೇಶವು ದೊರೆಯಲಿಲ್ಲ. ಅವನೊಬ್ಬನಿಗಾಗಿ ಉಳಿದವರಿಗೆ ಶಾಲೆಯು ನಿರುಪಯೋಗವಾದೀತೆಂದು ಮುಂಬಯಿ ಸರಕಾರದವರು ಬಗೆದರು. ಆ ಹುಡುಗನ ಸ್ವಭಾವಕ್ಕೆ ಹೊಂದುವ ಗೆಳೆಯನೊಬ್ಬನು ಅಲ್ಲಿ ಇದ್ದನೋ ಏನೋ, ಬಲ್ಲವರಾರು? ನಮ್ಮ ಕಾಲದಲ್ಲಿ ದಿಲ್ಲಿಯ ಖಾಸಗಿ ಶಾಲೆಗಳು 2007ರಿಂದ ಬಡಮಕ್ಕಳಿಗೂ ಸ್ಥಳ ಕೊಡಬೇಕಾಗಿ ಬಂದಾಗ ಏನಾಯಿತೆಂಬದನ್ನು ಅರ್ಥಶಾಸ್ತ್ರಜ್ಞರಾದ ಗೌತಮ ರಾವ್ ಅವರು ಶೋಧಿಸಿ 2019ರಲ್ಲಿ ಪ್ರಕಟಿಸಿದರು. ಬಡವರ ಸಂಗಡ ಕಲಿತ ಶ್ರೀಮಂತರ ಮಕ್ಕಳು ಹೆಚ್ಚು ಉದಾರಿಗಳಾದರು; ಓಟದ ಪಂದ್ಯಕ್ಕೆ ಜೊತೆಗಾರರನ್ನು ಆರಿಸುವಾಗ ವೇಗವನ್ನು ನೋಡಿದರೇ ಹೊರತು ಬಡತನವನ್ನು ಅಷ್ಟಾಗಿ ನೋಡಲಿಲ್ಲ. ಇಂಗ್ಲಿಷಿನ ಅಂಕಗಳು ಕೊಂಚ ಇಳಿದವು, ಅದನ್ನೂ ಮುಚ್ಚಬೇಕಾದದ್ದಿಲ್ಲ. ಅಲ್ಲಿಯ ಕೆಲವು ಶಾಲೆಗಳು ಅಭ್ಯಾಸದ ಗುಂಪುಗಳನ್ನು ಹೆಸರಿನ ಅಕ್ಷರಕ್ರಮದಿಂದ ಮಾಡಿದ್ದವು. ಹಾಗೆ ಒಂದೇ ಗುಂಪಿಗೆ ಬಿದ್ದು ದಿನವೂ ಕೂಡಿ ಓದಿದವರಲ್ಲಿಯೇ ಈ ಬದಲಾವಣೆಯು ಚೆನ್ನಾಗಿ ಕಂಡಿತು. ನಮ್ಮ ಹಳೆಯ ವಿದ್ಯಾರ್ಥಿನಿಯರು ತಮ್ಮ ಇಂದಿನ ಆಪ್ತ ಗೆಳತಿಯರನ್ನು ಎಣಿಸಿ ನೋಡಲಿ. ಹಾಜರಿ ಪುಸ್ತಕದಲ್ಲಿ ಹೆಸರು ಪಕ್ಕಪಕ್ಕದಲ್ಲಿ ಬಂದದ್ದರಿಂದಲೇ ದೊರೆತವರು ಎಷ್ಟು ಮಂದಿ!

ಆದಕಾರಣ ಬೆಂಚುಗಳ ಕ್ರಮವನ್ನು ಕಾಲಕಾಲಕ್ಕೆ ಬದಲಾಯಿಸುವದು ಶಾಲೆಯ ಕೆಲಸ, ಗೆಳತಿಯನ್ನು ಆರಿಸಿಕೊಳ್ಳುವದು ಬಾಲಿಕೆಯ ಕೆಲಸವೆಂಬದು ನಮ್ಮ ಅಭಿಪ್ರಾಯ. ಒಬ್ಬಳೇ ಗೆಳತಿಯುಳ್ಳ ಹುಡುಗಿಯನ್ನು ಇನ್ನೂ ನಾಲ್ವರನ್ನು ಕೂಡಿಕೋ ಎಂದು ಪೀಡಿಸಬಾರದು. ಸುಳ್ಳು, ಕಳವು, ಬಲಹೀನರನ್ನು ಹಿಂಸಿಸುವದು ಇಂಥವು ಕಂಡಲ್ಲಿ ಹಿರಿಯರು ತಡೆಯಲೇಬೇಕು. ಆದರೆ ತಡೆಯಬೇಕಾದದ್ದು ಕೃತ್ಯವನ್ನು, ಮನೆಯನ್ನಲ್ಲ.

ಬೆಂಚನ್ನು ಬದಲಾಯಿಸಿರೆಂದು ಚೀಟಿ ಬರೆಯುವದಕ್ಕೆ ಮುಂಚೆ ಆ ಹುಡುಗಿಯನ್ನು ಒಂದು ಶನಿವಾರ ಮಧ್ಯಾಹ್ನ ಮನೆಗೆ ಊಟಕ್ಕೆ ಕರೆಯಬೇಕೆಂದು ತಾಯಂದಿರನ್ನು ಬೇಡುತ್ತೇವೆ. ಇಬ್ಬರೂ ಏನು ಮಾತನಾಡುವರು, ಯಾವದಕ್ಕೆ ನಗುವರು ಎಂಬದು ಅಡಿಗೆಮನೆಗೂ ಕೇಳಿಸುವದು. ಆಮೇಲೆಯೂ ಚೀಟಿಯು ಅವಶ್ಯವೆಂದು ತೋರಿದರೆ ಬರೆಯಲಿ. ಅದರಲ್ಲಿ ಕಾರಣವನ್ನು ಮಾತ್ರ ಸ್ಪಷ್ಟವಾಗಿ ಕಾಣಿಸಲಿ.