ಅಮಾವಾಸ್ಯೆಯ ಚೀಟಿ

ಪಟ್ಟಣಗಳಲ್ಲಿ ಹೊಸದೊಂದು ವ್ರತ ಹುಟ್ಟಿಕೊಂಡಿದೆ. ಅಮಾವಾಸ್ಯೆಯ ರಾತ್ರಿ ಕೋಣೆಯ ಬಾಗಿಲು ಹಾಕಿಕೊಂಡು, ಮೇಣದ ಬತ್ತಿ ಹಚ್ಚಿ, ಬರುವ ತಿಂಗಳಲ್ಲಿ ತನಗೇನೇನು ಬೇಕೆಂಬುದನ್ನು ಚೀಟಿಯಲ್ಲಿ ಬರೆಯಬೇಕಂತೆ. "ಬಡ್ತಿ ಸಿಗಲಿ" ಎಂದು ಬರೆಯಕೂಡದು. "ಬಡ್ತಿ ಸಿಕ್ಕಿದೆ" ಎಂದೇ ಬರೆಯಬೇಕು. ಬರೆದಾದ ಮೇಲೆ ಚೀಟಿಯನ್ನು ಸುಡಬೇಕು. ಉಳಿದುದನ್ನೆಲ್ಲ ವಿಶ್ವವೇ ನೋಡಿಕೊಳ್ಳುತ್ತದೆ. ಇದನ್ನು ಹೇಳಿಕೊಡುವ ಗುರುಗಳು ಮೊಬೈಲಿನೊಳಗೇ ಇದ್ದಾರೆ. ಅವರ ಶುಲ್ಕವನ್ನು ಮಾತ್ರ ವಿಶ್ವ ಕೊಡುವುದಿಲ್ಲ, ನಾವೇ ಕೊಡಬೇಕು. ಹಳೆಯ ಜೋಯಿಸರು ಅಮಾವಾಸ್ಯೆ ಕೆಟ್ಟದ್ದೆಂದು ಹೆದರಿಸಿ ದಕ್ಷಿಣೆ ಪಡೆದರು. ಹೊಸಬರು ಅದೇ ದಿನ ಒಳ್ಳೆಯದೆಂದು ಆಸೆ ಹುಟ್ಟಿಸಿ ಪಡೆಯುತ್ತಿದ್ದಾರೆ.

ತಿಂಗಳಿಗೊಮ್ಮೆ ಮನುಷ್ಯ ನಿಂತು ಹಿಂದೆ ತಿರುಗಿ ನೋಡುವುದಕ್ಕೆ ನಮ್ಮ ವಿರೋಧವೇನೂ ಇಲ್ಲ. ಓಡುವುದೇ ಬಾಳಾಗಿರುವಾಗ ಅದು ಆಗಲೇಬೇಕಾದ ಕೆಲಸ. ಆದರೆ ಅದನ್ನು ಪರದೇಶದ ಜ್ಯೋತಿಷ್ಯದಿಂದ ಕಲಿಯಬೇಕಾದ ಗತಿ ನಮಗೆ ಬಂದಿಲ್ಲ. ಅವರ ಲೆಕ್ಕದಲ್ಲಿ ಅಂದು ಹೊಸ ಚಂದ್ರ ಹುಟ್ಟಿದ ದಿನ. ನಮ್ಮ ಪಂಚಾಂಗದಲ್ಲಿ ತಿಂಗಳು ಮುಗಿಯುವುದು ಅಮಾವಾಸ್ಯೆಗೆ. ಹೊಸ ತಿಂಗಳು ಮಾರನೆಯ ದಿನದ ಪಾಡ್ಯಕ್ಕೆ. ಯುಗಾದಿಯೂ ಚೈತ್ರದ ಪಾಡ್ಯವೇ ಅಲ್ಲವೆ? ಹಾಗಾಗಿ ಅಮಾವಾಸ್ಯೆ ನಮಗೆ ಬಯಕೆಯ ದಿನವಲ್ಲ, ಬಾಕಿಯ ದಿನ. ಅನೇಕ ಊರುಗಳಲ್ಲಿ ಅಂದು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಬಡಗಿ, ಕಮ್ಮಾರರು ಹತಾರ ಮುಟ್ಟುವುದಿಲ್ಲ. ಭಾನುವಾರದ ರಜೆ ಬರುವುದಕ್ಕೆ ಎಷ್ಟೋ ಮುಂಚೆ ದುಡಿಯುವವನಿಗೂ ದನಕ್ಕೂ ಇದ್ದ ರಜೆ ಇದು. ಅದಕ್ಕೆ ಪಿತೃಗಳ ಹೆಸರು, ದೆವ್ವದ ಹೆಸರು, ಯಾವ ಹೆಸರಾದರೂ ಇರಲಿ. ಮೈಗೆ ಸಿಕ್ಕಿದ ವಿಶ್ರಾಂತಿ ಮಾತ್ರ ನಿಜ.

ಇಲ್ಲಿ ನಮ್ಮವರ ತಪ್ಪನ್ನೂ ಹೇಳಬೇಕು. ಎತ್ತಿಗೆ ರಜೆ, ಎತ್ತು ಹೂಡುವವನಿಗೆ ರಜೆ, ಮನೆಯ ಹೆಂಗಸಿಗೆ? ಕಲಬುರಗಿ, ಬೀದರ, ವಿಜಯಪುರದ ಕಡೆ ಎಳ್ಳಮಾವಾಸ್ಯೆ ಬಂತೆಂದರೆ ಹೊಲದಲ್ಲಿ ಊಟ, ಚರಗ ಚೆಲ್ಲುವ ಸಂಭ್ರಮ. ಆ ಸಜ್ಜೆಯ ರೊಟ್ಟಿ, ಆ ಭಜ್ಜಿ, ಆ ಕಡಬು ತಾವಾಗಿ ಬುಟ್ಟಿಗೆ ಬಂದು ಕೂರುವುದಿಲ್ಲ. ಗಂಡಸರು ಮರದ ನೆರಳಲ್ಲಿ ಹೊಟ್ಟೆ ತುಂಬಿ ಮಲಗುವ ದಿನ ಆಕೆ ಹೊತ್ತು ಹುಟ್ಟುವ ಮೊದಲೇ ಒಲೆಯ ಮುಂದೆ ಇರುತ್ತಾಳೆ. ಮೇಣದ ಬತ್ತಿಯ ವ್ರತಕ್ಕೆ ಹೆಣ್ಣುಮಕ್ಕಳೇ ಹೆಚ್ಚಾಗಿ ಮನಸೋತಿದ್ದಾರೆಂದು ನಗುವವರಿದ್ದಾರೆ. ನಮಗೆ ನಗು ಬರುವುದಿಲ್ಲ. ತನ್ನದೆಂಬ ಅರ್ಧ ಗಂಟೆ, ಹಾಕಿಕೊಳ್ಳಲು ಒಂದು ಬಾಗಿಲು! ಇಷ್ಟನ್ನು ನಾವು ಕೊಟ್ಟಿದ್ದರೆ ಯಾವ ಗುರುವಿನ ಅಂಗಡಿಯೂ ನಡೆಯುತ್ತಿರಲಿಲ್ಲ.

ನಮ್ಮ ಜಗಳ ಆ ಬಾಗಿಲಿನೊಳಗೆ ನಡೆಯುವುದರ ಬಗ್ಗೆ. ಆತ್ಮಪರೀಕ್ಷೆಗೂ ಅಮಾವಾಸ್ಯೆಗೂ ಇರುವ ನಂಟು ಬಹಳ ಹಳೆಯದು. ಬುದ್ಧನ ಸಂಘದಲ್ಲಿ ಅಮಾವಾಸ್ಯೆಗೂ ಹುಣ್ಣಿಮೆಗೂ ಭಿಕ್ಷುಗಳೆಲ್ಲ ಒಂದೆಡೆ ಕೂಡಬೇಕು. ಥೇರವಾದಿಗಳ ಲೆಕ್ಕದ 227 ನಿಯಮಗಳನ್ನು ಗಟ್ಟಿಯಾಗಿ ಹೇಳಬೇಕು. ತಪ್ಪಿದವನು ತಪ್ಪನ್ನು ಬಚ್ಚಿಟ್ಟು ಆ ಸಭೆಯಲ್ಲಿ ಕೂರುವಂತಿಲ್ಲ. ಇದಕ್ಕೆ ಉಪೋಸಥವೆಂದು ಹೆಸರು. ಅಲ್ಲಿ ಕೇಳುವ ಪ್ರಶ್ನೆ "ನನಗೇನು ಬೇಕು" ಎಂಬುದಲ್ಲ, "ನಾನು ನಿಯಮದಲ್ಲಿ ತಪ್ಪಿದೆನೆ" ಎಂಬುದು. ಕೇಳುವ ಕಿವಿಗಳೂ ಎದುರಿಗೇ ಇರುತ್ತವೆ. ಮೇಣದ ಬತ್ತಿಗೆ ಕಿವಿಯಿಲ್ಲ.

ಇನ್ನು ವರ್ತಕರನ್ನು ನೋಡಿ. ದೀಪಾವಳಿಯ ಲಕ್ಷ್ಮೀಪೂಜೆ ಬೀಳುವುದು ಆಶ್ವಯುಜದ ಅಮಾವಾಸ್ಯೆಗೆ. ಬಡವನಿಗೆ ಅಶುಭವಾದ ತಿಥಿ ಸಾಹುಕಾರನಿಗೆ ಶುಭವಾದದ್ದು ಹೇಗೋ ನಾವರಿಯೆವು. ಅಂದು ಅವನು ಪೂಜಿಸುವುದು ಖಾತೆ ಪುಸ್ತಕವನ್ನು. ಅದರಲ್ಲಿ "ನನಗೆ ಐಶ್ವರ್ಯ ಬಂದಿದೆ" ಎಂದು ಬರೆದಿರುವುದಿಲ್ಲ. ಯಾರು, ಎಷ್ಟು, ಯಾವ ತಾರೀಖಿನಿಂದ ಕೊಡಬೇಕು ಎಂದು ಬರೆದಿರುತ್ತದೆ. ಅದನ್ನು ಅವನು ಸುಡುವುದೂ ಇಲ್ಲ.

ಚಂದ್ರನಿಗೆ ಶಕ್ತಿಯಿದೆಯಲ್ಲ, ಕಡಲನ್ನೇ ಎಳೆಯುತ್ತಾನಲ್ಲ, ನಮ್ಮ ಮೈಯಲ್ಲೂ ನೀರಿದೆಯಲ್ಲ ಎಂದು ವಾದಿಸುವವರಿದ್ದಾರೆ. ಅಮಾವಾಸ್ಯೆಯಂದು ಸೂರ್ಯ ಚಂದ್ರರ ಸೆಳೆತ ಕೂಡಿ ಉಬ್ಬರ ಏರುವುದು ನಿಜ. ಹುಣ್ಣಿಮೆಗೂ ಏರುತ್ತದೆ, ಮಲ್ಪೆಯ ಮೀನುಗಾರರನ್ನು ಕೇಳಿ. ಆದರೆ ಅದಕ್ಕೆ ಕಡಲಿನಷ್ಟು ಹರವು ಬೇಕು. ತುಂಗಭದ್ರೆಯ ಹಿನ್ನೀರಿನಲ್ಲೇ ಕಣ್ಣಿಗೆ ಕಾಣುವ ಉಬ್ಬರವಿಲ್ಲ; ಕೊಡದಲ್ಲಿ, ಮನುಷ್ಯನ ತಲೆಯಲ್ಲಿ ಎಲ್ಲಿಂದ ಬಂತು? 29 ದಿನ 12 ಗಂಟೆ 44 ನಿಮಿಷಕ್ಕೊಮ್ಮೆ ಅವನು ಸೂರ್ಯನ ದಿಕ್ಕಿಗೆ ಬರುತ್ತಾನೆ. ಬೆಳಕು ಬಿದ್ದ ಮುಖ ಆಚೆಗಿರುವುದರಿಂದ ನಮಗೆ ಕಾಣುವುದಿಲ್ಲ. ಅಷ್ಟೆ. ಇದರಿಂದ ಯಾರಿಗೇನು ನಷ್ಟ, ಅವರವರ ನಂಬಿಕೆ ಅವರವರಿಗೆ ಎನ್ನುವ ಸಜ್ಜನರಿಗೆ ಒಂದು ಅಮಾವಾಸ್ಯೆಯನ್ನು ನೆನಪು ಮಾಡಿಕೊಡುತ್ತೇವೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿಯ ಹತ್ತಿರದ ಹಳ್ಳಿಯೊಂದರಲ್ಲಿ ಅಂಗವಿಕಲ ಮಕ್ಕಳನ್ನು, ವಾಸಿಯಾಗುತ್ತಾರೆಂದು, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಹೂತವರು ಹೆತ್ತವರೇ. ಅವರಿಗೆ ಆಸ್ಪತ್ರೆ ದೂರವಿತ್ತು, ಆಕಾಶ ಹತ್ತಿರವಿತ್ತು.

ಈಚೆಗೆ ಬಟ್ಟೆ ಹೊಲಿಯುವ ಕಾರ್ಖಾನೆಯ ಹೆಣ್ಣುಮಗಳೊಬ್ಬಳು ತನ್ನ ಅಮಾವಾಸ್ಯೆಯ ಚೀಟಿಯನ್ನು ನಮಗೆ ತೋರಿಸಿದಳು. ಅದರಲ್ಲಿ ಐದು ಸಾಲುಗಳಿದ್ದವು. ಮೊದಲನೆಯದೇ: "ನನ್ನ ಓವರ್‌ಟೈಮ್ ದುಡ್ಡು ಬಂದಿದೆ." ಮೂರು ತಿಂಗಳಿನದು ಬಂದಿರಲಿಲ್ಲ. ಕೂಲಿಯ ಅವಧಿ ಒಂದು ತಿಂಗಳನ್ನು ಮೀರಕೂಡದೆಂದು 1936ರ ವೇತನ ಪಾವತಿ ಕಾಯಿದೆಯೇ, ಅದೂ ಬ್ರಿಟಿಷರ ಕಾಲದಲ್ಲಿ, ಬರೆದಿತ್ತು. ಮಾಲೀಕನಿಗೆ ಹೋಗಬೇಕಾದ ಅರ್ಜಿ ಚಂದ್ರನಿಗೆ ಹೋಗುತ್ತಿತ್ತು, ಚಂದ್ರನಿಗೆ ಹೋಗುವ ಮೊದಲೇ ಬೂದಿಯಾಗುತ್ತಿತ್ತು. ಪಕ್ಕದ ಮೆಷಿನ್ನಿನವಳಿಗೂ ಬಾಕಿಯಿದೆಯೇ ಎಂದು ಕೇಳಿದೆವು. "ಗೊತ್ತಿಲ್ಲ ಅಣ್ಣಾ, ನಾವು ಅದನ್ನು ಮಾತಾಡುವುದಿಲ್ಲ" ಎಂದಳು. ಒಂದೇ ಸಾಲಿನಲ್ಲಿ ಕೂತು ಹೊಲಿಯುವವರು ತಮ್ಮ ತಮ್ಮ ಕೋಣೆಯಲ್ಲಿ ಬೇರೆ ಬೇರೆ ಬತ್ತಿ ಹಚ್ಚಿ ಅದೇ ದುಡ್ಡನ್ನು ಕೇಳುತ್ತಿದ್ದರೋ ಏನೋ!

ಈ ಸಲ ಸುಡಬೇಡ ತಾಯಿ ಎಂದೆವು. ಯಾವ ದಿನ ಎಷ್ಟು ಗಂಟೆ ದುಡಿದೆ ಎಂಬುದನ್ನು ಅದರ ಕೆಳಗೆ ಬರೆ, ಪಕ್ಕದವಳಿಗೂ ತೋರಿಸು ಎಂದೆವು. ಕಳೆದ ವಾರ ಅವಳು ಮತ್ತೆ ಬಂದಾಗ ಚೀಟಿ ದೊಡ್ಡ ಹಾಳೆಯಾಗಿತ್ತು, ಅದರಲ್ಲಿ ಹನ್ನೊಂದು ಸಹಿಗಳಿದ್ದವು. ದುಡ್ಡು ಇನ್ನೂ ಬಂದಿಲ್ಲ. ಹಾಳೆ ಕಾರ್ಮಿಕ ಇಲಾಖೆಯ ಮೇಜಿನ ಮೇಲಿದೆ.