ವಾರಕ್ಕೆರಡು ದಿನದ ಊರು

ಶುಕ್ರವಾರ ರಾತ್ರಿ ಹೈದರಾಬಾದ್ ಬಸ್ ಮರಿಕಲ್‌ನಲ್ಲಿ ನಿಂತರೆ ಸಾಕು, ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿಕೊಂಡ ಹುಡುಗರು ಇಳಿಯುತ್ತಾರೆ. ಸೋಮವಾರ ನಸುಕಿಗೆ ಮತ್ತೆ ಅದೇ ದಾರಿ. ನಾರಾಯಣಪೇಟೆ, ಮಖ್ತಲ್, ಗದ್ವಾಲ್ ಕಡೆಯ ಮನೆಗಳಲ್ಲೂ ಇದೇ ಕಥೆ.

ಈ ಸೀಮೆಗೆ ಗುಳೆ ಹೊಸದಲ್ಲ. ಅಣೆಕಟ್ಟು, ಕಾಲುವೆ ಕಟ್ಟಿದ 'ಪಾಲಮೂರು ಕೂಲಿ'ಯ ಹೆಸರು ದೇಶಕ್ಕೆಲ್ಲ ಗೊತ್ತು. ಅಪ್ಪ ಸಲಿಕೆ ಹಿಡಿದು ಹೋದ, ಮಗ ಲ್ಯಾಪ್‌ಟಾಪ್ ಹಿಡಿದು ಹೊರಟ. ಸಂಬಳ ಬಂತು, ಮರ್ಯಾದೆ ಬಂತು. ಊರು ಬಿಡೋದು ಮಾತ್ರ ತಪ್ಪಲಿಲ್ಲ.

ಹೈದರಾಬಾದಿನಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾಗಿದ್ದು 1998ರಲ್ಲಿ. ಅಲ್ಲಿಂದ ಐಟಿ ಕಂಪನಿಗಳು ಗಚ್ಚಿಬೌಲಿ, ಕೋಕಾಪೇಟದವರೆಗೂ ಹಬ್ಬಿದವು. 2023ರ ಆಗಸ್ಟ್‌ನಲ್ಲಿ ಕೋಕಾಪೇಟದ ಸರ್ಕಾರಿ ಹರಾಜಿನಲ್ಲಿ ಎಕರೆಗೆ 100 ಕೋಟಿ ರೂಪಾಯಿ ದಾಟಿತು. ಜಾಗದ ಬೆಲೆ ಹೀಗೆ ಏರಿದರೆ ಬಾಡಿಗೆ ಸುಮ್ಮನಿದ್ದೀತೇ? ಹೊಸದಾಗಿ ಕೆಲಸಕ್ಕೆ ಸೇರಿದವನಿಗೆ ಹಾಸ್ಟೆಲ್ಲಿನ ಒಂದು ಮಂಚವೇ ಮನೆ. ಸಂಸಾರ ಊರಲ್ಲೇ. ಅಲ್ಲಿ ಮೊದಲಿನಿಂದ ಇದ್ದ ಆಟೋದವನು, ಇಸ್ತ್ರಿಯವನು ಇನ್ನೂ ದೂರ ಸರಿಯಬೇಕು. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ 2013ರ ಡಿಸೆಂಬರ್‌ನಲ್ಲಿ ಜನ ಗೂಗಲ್ ನೌಕರರ ಬಸ್ಸನ್ನೇ ಅಡ್ಡಗಟ್ಟಿದ್ದರ ಹಿಂದೆಯೂ ಇದೇ ಸಂಕಟ ಇತ್ತು. ಆದರೆ ತಪ್ಪು ಬಸ್ಸಿನಲ್ಲಿ ಕೂತವನದ್ದಲ್ಲ. ಕೆಲಸವನ್ನೆಲ್ಲ ನಗರದ ಒಂದೇ ಮೂಲೆಯಲ್ಲಿ ರಾಶಿ ಹಾಕಿದ್ದೇ ತಪ್ಪು.

ಇತ್ತ ಊರಲ್ಲಿ ಉಳಿದವರು ಮುದುಕರು. ಆಸ್ಪತ್ರೆಗೆ ಕರೆದೊಯ್ಯಲೂ ಶನಿವಾರದ ದಾರಿ ಕಾಯಬೇಕು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು ಆಡುತ್ತ ಬೆಳೆದವರ ಮಕ್ಕಳಿಗೆ ಈಗ ವಾರಕ್ಕೆರಡು ದಿನ ಅಜ್ಜಿಯ ಕನ್ನಡ, ಅದೂ ಬಂದರೆ ಉಂಟು.

ದಾರಿ ಇಲ್ಲವೆಂದೇನಿಲ್ಲ. ಐಟಿ ಉದ್ಯೋಗವನ್ನು ಹೈದರಾಬಾದಿನ ಪಶ್ಚಿಮ ಭಾಗದಿಂದಾಚೆ ಹಂಚುವ 'ಗ್ರಿಡ್' ನೀತಿಯನ್ನು ತೆಲಂಗಾಣ ಸರ್ಕಾರ 2020ರಲ್ಲೇ ತಂದಿದೆ. 2023ರ ಮೇ ತಿಂಗಳಲ್ಲಿ ಮಹಬೂಬನಗರದ ದಿವಿಟಿಪಲ್ಲಿಯಲ್ಲಿ ಐಟಿ ಟವರ್ ಉದ್ಘಾಟನೆಯಾಯಿತು. ಅದೇ ವರ್ಷ ಅಕ್ಟೋಬರ್ 1ರಂದು ಜಕ್ಲೇರ್-ಕೃಷ್ಣಾ ನಡುವಿನ 37 ಕಿ.ಮೀ. ಹೊಸ ರೈಲು ಮಾರ್ಗ ಲೋಕಾರ್ಪಣೆಗೊಂಡು, ಕಾಚಿಗುಡ-ರಾಯಚೂರು ರೈಲಿಗೆ ಹಸಿರು ನಿಶಾನೆ ಸಿಕ್ಕಿತು.

ಮಹಬೂಬನಗರ ಮರಿಕಲ್‌ನಿಂದ ದಿನಾ ಹೋಗಿ ಬರುವಷ್ಟು ಹತ್ತಿರ. ಅಲ್ಲೇ ಕೆಲಸ ಸಿಕ್ಕರೆ ರಾತ್ರಿ ಊಟ ಮನೆಯಲ್ಲೇ. ಕಟ್ಟಡ ಕಟ್ಟಿದ ಮಾತ್ರಕ್ಕೆ ಕೆಲಸ ಬಂದಂತಲ್ಲ, ಕಂಪನಿಗಳನ್ನು ಕರೆತರುವುದು ಸರ್ಕಾರದ ಹೊಣೆ. ಆಫೀಸಿನ ವೇಳೆಗೆ ಹೊಂದುವ ರೈಲು ಓಡಿಸುವುದು ರೈಲ್ವೆ ಇಲಾಖೆಯ ಹೊಣೆ. ಇವೆರಡನ್ನೂ ಗಟ್ಟಿಯಾಗಿ ಕೇಳುವುದು ಗಡಿಯ ಈ ಭಾಗದ ಜನಪ್ರತಿನಿಧಿಗಳ ಕೆಲಸ. ಹುಡುಗರು ಊರಿಗೆ ನೆಂಟರಾಗಿ ಬಂದು ಹೋಗುವಂತಾಗಬಾರದು.