ಥ್ಯಾಲಸ್: ಅರ್ಧಕ್ಕೆ ನಿಂತ ದೇಹವಲ್ಲ

ಬೇರು, ಕಾಂಡ, ಎಲೆ ಎಂಬ ವಿಂಗಡಣೆಯಿಲ್ಲದ ದೇಹವನ್ನು ಸಸ್ಯಶಾಸ್ತ್ರದಲ್ಲಿ ಥ್ಯಾಲಸ್ ಎನ್ನುತ್ತಾರೆ. ಪಾಚಿ, ಹಲವು ಲಿವರ್‌ವರ್ಟ್‌ಗಳು, ಬಿಸಿಬೇಳೆಬಾತಿನ ಮಸಾಲೆಗೆ ಹಾಕುವ ಕಲ್ಲುಹೂವು ಎಂಬ ಲೈಕೆನ್, ಎಲ್ಲದರ ದೇಹವೂ ಇದೇ. ಪಠ್ಯಪುಸ್ತಕಗಳು ಇವನ್ನು ಮೊದಲಿಗಿಟ್ಟು ಹೂಬಿಡುವ ಗಿಡಗಳನ್ನು ಕೊನೆಗಿಡುವುದರಿಂದ, ಥ್ಯಾಲಸ್ ಎಂದರೆ ಪೂರ್ಣ ಗಿಡವಾಗಲಾರದೆ ಅರ್ಧಕ್ಕೆ ನಿಂತ ದೇಹವೆಂಬ ನಂಬಿಕೆ ಬೇರೂರಿದೆ. ಅದನ್ನು ಬಿಡಬೇಕು. ಈ ಸರಳತೆಯ ಬಹುಪಾಲು ಆರಂಭದ ಸ್ಥಿತಿಯಲ್ಲ, ದೀರ್ಘ ಇತಿಹಾಸದ ಫಲ.

ಒದ್ದೆ ಮಣ್ಣಿಗೆ ಅಂಟಿಕೊಂಡು ಹರಡುವ ಮಾರ್ಕಾಂಟಿಯವನ್ನೇ ನೋಡಿ. ಅದರ ಚಪ್ಪಟೆ ದೇಹದ ಮೇಲ್ಭಾಗದಲ್ಲಿ ಸಾಲು ಸಾಲು ಗಾಳಿಕೋಣೆಗಳು, ಪ್ರತಿ ಕೋಣೆಗೂ ಪೀಪಾಯಿ ಆಕಾರದ ಒಂದು ರಂಧ್ರ, ಒಳಗೆ ಆಹಾರ ತಯಾರಿಸುವ ಹಸಿರು ಕೋಶಗಳು, ಕೆಳಗೆ ಸಂಗ್ರಹದ ಪದರ, ತಳದಲ್ಲಿ ಎರಡು ಬಗೆಯ ಬೇರುಗೂದಲು. ಇಂಥ ಲಿವರ್‌ವರ್ಟ್‌ಗಳು ಹೆಚ್ಚು ಸಂಕೀರ್ಣ ಪೂರ್ವಜರಿಂದ ಕ್ರಮೇಣ ಸರಳವಾದವು ಎಂದು ಲಾಹೋರಿನಲ್ಲಿ ಅಧ್ಯಾಪಕರಾಗಿದ್ದ ಶಿವರಾಮ ಕಶ್ಯಪ್ ಕಳೆದ ಶತಮಾನದ ಆರಂಭದಲ್ಲೇ ವಾದಿಸಿದ್ದರು. ಅವರ ಮುಂದಿದ್ದುದು ಪಶ್ಚಿಮ ಹಿಮಾಲಯದ ಸಸ್ಯಗಳ ರಚನೆ ಮಾತ್ರ. ಆ ಸಾಮಗ್ರಿಯಿಂದಲೇ ಅಷ್ಟು ದೂರ ಕಂಡದ್ದು ದೊಡ್ಡ ಮಾತು. ಇಂದು ಡಿಎನ್‌ಎ ಹೋಲಿಕೆಯೂ ಅದೇ ದಿಕ್ಕಿಗೆ ಬೆರಳು ತೋರುತ್ತದೆ. ಲಿವರ್‌ವರ್ಟ್‌ಗಳಿಗೆ ಹಾವಸೆಗಳು ಹತ್ತಿರದ ನೆಂಟರು. ಹಾವಸೆಗಳಲ್ಲಿ ಪತ್ರರಂಧ್ರಗಳಿವೆ, ಲಿವರ್‌ವರ್ಟ್‌ಗಳಲ್ಲಿಲ್ಲ (ಮಾರ್ಕಾಂಟಿಯದ ಗಾಳಿಕೋಣೆಯ ರಂಧ್ರ ಬೇರೆ ಬಗೆಯದು). ಹಾಗಾದರೆ ಪೂರ್ವಜನಲ್ಲಿದ್ದುದನ್ನು ಇವು ಕಳೆದುಕೊಂಡಿವೆ ಎಂಬುದೇ ಹೆಚ್ಚು ಸಮಂಜಸ. 2017ರಲ್ಲಿ ಪ್ರಕಟವಾದ ಮಾರ್ಕಾಂಟಿಯದ ಜೀನೋಮಿನಲ್ಲಿ ಅನೇಕ ನಿಯಂತ್ರಕ ಜೀನ್‌ಗಳಿಗೆ ಒಂದೊಂದೇ ಪ್ರತಿ ಇದೆಯಲ್ಲ, ಅದು ಆದಿಮತೆಯ ಗುರುತಲ್ಲವೇ ಎಂದು ಕೇಳಬಹುದು. ಅಲ್ಲ. ಇಡೀ ಜೀನೋಮ್ ಇಮ್ಮಡಿಯಾಗುವ ಘಟನೆ ಈ ವಂಶದಲ್ಲಿ ನಡೆದಿಲ್ಲವೆಂದಷ್ಟೇ ಅದು ಹೇಳುತ್ತದೆ. ಪ್ರತಿಗಳ ಸಂಖ್ಯೆ ಬೇರೆ, ದೇಹದ ಚರಿತ್ರೆ ಬೇರೆ.

ಲೈಕೆನ್ನಿನ ಸರಳತೆ ಇನ್ನೊಂದು ಬಗೆಯದು. ಅದು ಶಿಲೀಂಧ್ರವೂ ಪಾಚಿಯೂ ಕೂಡಿದ ಜೀವಿ ಎಂದು ಸ್ವಿಸ್ ವಿಜ್ಞಾನಿ ಸೈಮನ್ ಶ್ವೆಂಡೆನರ್ 1860ರ ದಶಕದಲ್ಲಿ ಹೇಳಿದಾಗ ಹಲವರು ಸಿಟ್ಟಾದರು. ಮೇಲೆ ಬಿಗಿಯಾದ ಶಿಲೀಂಧ್ರದ ಪದರ, ಅದರಡಿ ಬೆಳಕು ತಲುಪುವಷ್ಟು ಆಳದಲ್ಲಿ ಪಾಚಿ, ಇನ್ನೂ ಕೆಳಗೆ ಗಾಳಿಯಾಡುವ ಸಡಿಲ ಎಳೆಗಳು. ಕೆಲವು ಲೈಕೆನ್‌ಗಳ ಹೊರಪದರದಲ್ಲಿ ಯೀಸ್ಟ್ ಕೂಡ ಇರುವುದು 2016ರಲ್ಲಿ ಬೆಳಕಿಗೆ ಬಂತು. ಶಿಲೀಂಧ್ರವನ್ನು ಪ್ರಯೋಗಾಲಯದಲ್ಲಿ ಒಂಟಿಯಾಗಿ ಬೆಳೆಸಿದರೆ ಸಾಮಾನ್ಯವಾಗಿ ಆಕಾರವಿಲ್ಲದ ಮುದ್ದೆಯಾಗುತ್ತದೆ. ಅಂದರೆ ಈ ದೇಹ ಒಂದು ಜೀವಿಯ ಅಪೂರ್ಣ ರೂಪವಲ್ಲ, ಸಹವಾಸದಲ್ಲಷ್ಟೇ ಮೈದಳೆಯುವ ರಚನೆ.

ಆದರೂ ಇವು ಎತ್ತರಕ್ಕೆ ಬೆಳೆಯಲಿಲ್ಲವಲ್ಲ ಎಂಬ ಆಕ್ಷೇಪ ಉಳಿಯುತ್ತದೆ. ಅದು ನಿಜ; ಮರಕ್ಕಿರುವಂಥ ಗಟ್ಟಿ ನೀರ್ಕೊಳವೆಗಳಿಲ್ಲದೆ ನೆಲದ ಮೇಲೆ ಎತ್ತರ ಸಾಧ್ಯವಿಲ್ಲ. ಲೈಕೆನ್ನಿಗೆ ಎಲೆಗಿರುವಂಥ ಮೇಣದ ಹೊದಿಕೆಯೂ ಇಲ್ಲವಾದ್ದರಿಂದ ಮಳೆನೀರಿನಂತೆ ಗಂಧಕದ ಹೊಗೆಯೂ ನೇರ ಒಳಗಿಳಿಯುತ್ತದೆ. ಪ್ಯಾರಿಸ್ಸಿನಲ್ಲಿ ಲೈಕೆನ್‌ಗಳ ಇರವಿಗೂ ಗಾಳಿಯ ಶುದ್ಧಿಗೂ ಇರುವ ನಂಟನ್ನು 1866ರಲ್ಲಿ ಗುರುತಿಸಿದವರು ವಿಲಿಯಂ ನೈಲಾಂಡರ್, ಶ್ವೆಂಡೆನರ್ ವಾದವನ್ನು ಕಟುವಾಗಿ ವಿರೋಧಿಸಿದವರೇ. ಆದರೆ ನೀರನ್ನು ಬಿಟ್ಟುಕೊಟ್ಟು ಒಣಗಿ, ತೇವ ಸಿಕ್ಕೊಡನೆ ಮತ್ತೆ ಉಸಿರಾಡುವ ಶಕ್ತಿಯೂ ಇದೇ ದೇಹಕ್ಕಿದೆ. 2005ರಲ್ಲಿ ಎರಡು ಜಾತಿಯ ಲೈಕೆನ್‌ಗಳನ್ನು ಸುಮಾರು ಎರಡು ವಾರ ಬಾಹ್ಯಾಕಾಶದ ನಿರ್ವಾತಕ್ಕೂ ವಿಕಿರಣಕ್ಕೂ ಒಡ್ಡಿದ್ದರು. ಮರಳಿ ಬಂದ ಮೇಲೆ ಅವು ದ್ಯುತಿಸಂಶ್ಲೇಷಣೆಯನ್ನು ಮುಂದುವರಿಸಿದವು.